ಟೋಪಿಯೊಳಗಿನ ಪದ್ಯ

ವಿಮಾನ ಹತ್ತುವ ಮೊದಲು ವುಡ್‌ಬ್ರಿಡ್ಜ್‌ನ ವಿಯೆಟ್ನಾಮಿ ಹೋಟೆಲಿನಲ್ಲಿ ಕೂತಿದ್ದೇವೆ. ನಾವು ಹೊರಟಿರುವ ಹುವೆ ನಗರವೇ ಹೋಟೆಲಿನ ಒಡತಿಯ ತವರು. ಮದುವೆಯಾಗಿ ಬಂದ ಮೇಲೆ ಆಕೆ ಅಲ್ಲಿಗೆ ಹೋಗಿಲ್ಲ.

ಅಲ್ಲಿ ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿದೆ. “ಚಾಯ್ ಅನ್ನಿ, ಸಾಕು,” ಎಂದರು.

“ಊಟ ಕೇಳಿದ್ರ ಚಾ ಅಂತಾರಲ್ಲ!” ಧಾರವಾಡದವರಾದ ನನ್ನ ಗಂಡ ಕಿವಿಯಲ್ಲಿ ಗೊಣಗಿದರು. ಒಡತಿಯ ಭಾಷೆಯಲ್ಲಿ ಚಾಯ್ ಎಂದರೆ ಸಸ್ಯಾಹಾರವಂತೆ.

ಅಲ್ಲಿನ ನದಿಯನ್ನು ಸಂಜೆಯೇ ನೋಡಬೇಕು, ಕೊಳ್ಳುವುದಾದರೆ ತಾಳೆಗರಿಯ ಟೋಪಿ ಕೊಳ್ಳಬೇಕು ಎಂದು ಆಕೆ ಹೇಳಿದರು. ಬಿಸಿಲಿಗೆ ಹಿಡಿದರೆ ಗರಿಗಳ ನಡುವೆ ಪದ್ಯವೊಂದು ಕಾಣುತ್ತದಂತೆ. ತೋರಿಸಲು ಗೋಡೆಯ ಮೇಲಿದ್ದ ತಮ್ಮ ಟೋಪಿಯನ್ನು ಕಿಟಕಿಗೆ ಹಿಡಿದರು. ಹೊರಗೆ ಹಿಮದ ಮೋಡ ಕವಿದಿತ್ತು, ಏನೂ ಕಾಣಲಿಲ್ಲ.

ಟೋಪಿಯನ್ನು ಮೆಲ್ಲಗೆ ಒರೆಸಿ ನನ್ನ ಕೈಗಿತ್ತರು.

“ಇದನ್ನೂ ತಗೊಂಡು ಹೋಗಿ. ಅಲ್ಲಿನ ಬಿಸಿಲು ತೋರಿಸ್ಕೊಂಡು ಬನ್ನಿ.”