ಹಳದಿ ಬಳಿದ ಹಳೇ ಶಾಕ್ ಅಬ್ಸಾರ್ಬರು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಕ್ಲಚ್ ಮೇಡಂ ಅನ್ನುತ್ತಿದ್ದರು. ಕಲಿಯುವವರ ಪಕ್ಕದಲ್ಲಿ ಕೂತು ದಿನವಿಡೀ "ಕ್ಲಚ್! ಅಯ್ಯೋ, ಕ್ಲಚ್ ಒತ್ರೀ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳು. ವಾರವೆಲ್ಲ ತೆವಳುವ ಕಲಿಕೆಯ ಕಾರು. ರಜೆಯ ದಿನ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಅವಳದೇ ಕಾರು. ನೋಡಲು ಹಳೆಯ ಪುಟ್ಟ ಗಾಡಿ. ಒಳಗೆ ಮಾತ್ರ ದೊಡ್ಡ ಎಂಜಿನ್, ಕೆಳಗೆ ಅಗಲ ಟೈರು, ನೆಲಕ್ಕೆ ತಗ್ಗಿಸಿದ ಮೈ. ಮದುವೆಗೆ ಮುಂಚೆಯೇ ಕೊಂಡು, ಒಂದೊಂದೇ ಭಾಗ ಬದಲಿಸುತ್ತ ತನಗೆ ಬೇಕಾದಂತೆ ಮಾಡಿಕೊಂಡಿದ್ದಳು.

ಇದನ್ನು ನೋಡಿ ಹೊಟ್ಟೆ ಉರಿದವನು ಮೈದುನ. ಹುಡುಕಿ ಹುಡುಕಿ ಅದೇ ಮಾದರಿಯ ಕಾರನ್ನೇ ಕೊಂಡ, ಅದಕ್ಕೂ ಅದೇ ಥರದ ಟೈರು ಹಾಕಿಸಿದ. ಅತ್ತಿಗೆಗೆ ನಗು ಬಂತು, ಅಷ್ಟೇ.

ಟ್ರ್ಯಾಕಿನಲ್ಲಿ ಹಿಂಡಿಸಿಕೊಂಡ ಗಾಡಿಯ ಚಕ್ರದ ಸುತ್ತಲಿನ ಭಾಗಗಳು ಬೇಗ ಸವೆಯುತ್ತವೆ. ಅವಳ ಕಾರು ತಿರುವಿನಲ್ಲಿ ಓಲಾಡತೊಡಗಿದಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರು, ಬುಷ್ ಎಂಬ ರಬ್ಬರು ಬಳೆ, ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟು ಎಲ್ಲವನ್ನೂ ಹೊಸದಾಗಿ ತರಿಸಿದಳು. ಶಾಕ್ ಅಬ್ಸಾರ್ಬರುಗಳದು ಅಚ್ಚ ಹಳದಿ ಬಣ್ಣ. ತಾನೇ ಕೂತು ಹಾಕುವಷ್ಟು ರಜೆ ಸಿಗಲಿಲ್ಲ. "ನನ್ನ ಸ್ನೇಹಿತನ ಗ್ಯಾರೇಜಿದೆ ಅತ್ತಿಗೆ, ನಾನೇ ಬಿಟ್ಟು ಬರ್ತೀನಿ" ಎಂದ ಮೈದುನ. ಒಳ್ಳೇದೇ ಆಯಿತು ಅಂದುಕೊಂಡು ಕೀ ಕೊಟ್ಟಳು.

ಕಾರು ವಾಪಸ್ ಬಂತು. ಬಗ್ಗಿ ನೋಡಿದರೆ ಚಕ್ರದ ಹಿಂದೆ ಹಳದಿ ಕಾಣಿಸಿತು. ಆದರೆ ಮೊದಲ ರೋಡ್ ಹಂಪಿನಲ್ಲೇ ಎಡಗಡೆ ಟಕ್ ಎಂದಿತು. ಸ್ಟೇರಿಂಗ್ ಹಿಡಿದ ಕೈಗೆ ಹಳೆಯ ಸಡಿಲವೇ ಸಿಕ್ಕಿತು.

"ಹೊಸ ಪಾರ್ಟು ಮೇಡಂ, ಸ್ವಲ್ಪ ಓಡಿದ್ರೆ ಕೂತ್ಕೊಳುತ್ತೆ" ಎಂದ ಗ್ಯಾರೇಜಿನವನು.

"ನಿನಗೆ ಎಲ್ಲಾದರಲ್ಲೂ ಶಬ್ದ ಕೇಳುತ್ತೆ. ನಾನು ಗೊರಕೆ ಹೊಡೀತೀನಿ ಅಂತಲೂ ಹೇಳ್ತೀಯ" ಎಂದ ಗಂಡ.

ಎರಡು ಕಡೆಯಿಂದ ಹೇಳಿಸಿಕೊಂಡು ಅವಳಿಗೇ ತನ್ನ ಕಿವಿಯ ಮೇಲೆ ಅನುಮಾನ ಬಂತು. ಅದೇ ಕಾರಿನಲ್ಲಿ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಳು. ಮನೆ ಮುಟ್ಟುವಷ್ಟರಲ್ಲಿ ಅನುಮಾನ ಹೋಗಿತ್ತು. ಗಾಡಿ ಎಡಕ್ಕೆ ಎಳೆಯುತ್ತಿತ್ತು.

ಮರುದಿನ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಜಾಕ್ ಕೊಟ್ಟು ಚಕ್ರ ಬಿಚ್ಚಿದಳು. ಹಳದಿ ಮೈಯನ್ನು ಉಗುರಿನಿಂದ ಕೆರೆದಳು. ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಒಳಗೆ ಅವಳದೇ ಹಳೆಯ ಕಪ್ಪು ಶಾಕ್ ಅಬ್ಸಾರ್ಬರು, ಎಣ್ಣೆ ಸೋರಿ ಅಂಟಂಟು. ಬುಷ್ಷಿನ ರಬ್ಬರು ಬಿರಿದಿತ್ತು. ಬಿರುಕಿನೊಳಗೂ ಬಣ್ಣ ಇಳಿದಿತ್ತು. ಬಾಲ್ ಜಾಯಿಂಟನ್ನು ನಟ್ಟು ಬಿಚ್ಚಿ ಹೊರಗೆ ತೆಗೆದರೆ ಅಲ್ಲಾಡುವ ಹಲ್ಲಿನಂತೆ ಲೊಡಲೊಡ ಎಂದಿತು. ಅವಳ ಮೈ ಉರಿದುಹೋಯಿತು. ಮೋಸ ಮಾಡಿದ್ದೂ ಅಲ್ಲದೆ ಕೂತು ಬಣ್ಣ ಬೇರೆ ಬಳಿದಿದ್ದಾರೆ!

ಆ ಬಾಲ್ ಜಾಯಿಂಟನ್ನು ಬಟ್ಟೆಯಲ್ಲಿ ಸುತ್ತಿ, ಕಲಿಕೆಯ ಕಾರು ತೆಗೆದುಕೊಂಡು ನೇರ ಗ್ಯಾರೇಜಿಗೆ ಹೋದಳು.

"ನನ್ನ ಹೊಸ ಪಾರ್ಟು ಎಲ್ಲಿ?"

ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಲೇ ಇದ್ದ. "ನನ್ನ ಮೇಲೆ ಕೂಗಾಡಬೇಡಿ ಮೇಡಂ. ನಿಮ್ಮ ಮೈದುನನ ಗಾಡಿಗೆ ಹಾಕಿದೀವಿ. ಮನೇಲಿ ಮಾತಾಡ್ಕೊಂಡಿದೀವಿ ಅಂದ್ರು."

"ಮನೇಲಿ ಮಾತಾಡಿದ್ರೆ ಬಣ್ಣ ಯಾಕ್ರೀ ಬಳಿದ್ರಿ?"

ಅವನು ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಗಾಡಿಯ ಕೆಳಗೆ ನುಸುಳಿದ.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ನಡೆದು ವಿಷಯ ಹೇಳಿದಳು. ಮೈದುನ ತುತ್ತು ನುಂಗಿದ. ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ.

"ಏನತ್ತಿಗೆ ನೀವು, ಇಷ್ಟಕ್ಕೆಲ್ಲ! ಮುಂದಿನ ವಾರ ನನ್ನ ರೇಸಿದೆ, ಮುಗಿದ ಮೇಲೆ ವಾಪಸ್ ಹಾಕಿಸ್ತಿದ್ದೆ. ದಿನಾ ಇಪ್ಪತ್ತರ ಸ್ಪೀಡಲ್ಲಿ ಓಡಿಸೋರಿಗೆ ಅದೆಲ್ಲ ಈಗಲೇ ಯಾಕೆ?"

"ಮನೆ ವಸ್ತು ಮನೇಲೇ ಇದೆಯಲ್ಲ, ಬಿಡಮ್ಮ" ಎಂದರು ಅತ್ತೆ. ಗಂಡ ತಟ್ಟೆಯನ್ನೇ ನೋಡುತ್ತಿದ್ದ.

ಅವಳು ಬಟ್ಟೆ ಬಿಚ್ಚಿ ಬಾಲ್ ಜಾಯಿಂಟನ್ನು ತಟ್ಟೆಗಳ ನಡುವೆ ಇಟ್ಟಳು.

"ಅಲ್ಲಾಡಿಸಿ ನೋಡಿ ಅತ್ತೆ. ಇದು ಕಳಚಿದ್ರೆ ಚಕ್ರ ಮಡಚಿಕೊಂಡು ಬೀಳುತ್ತೆ, ಗಾಡಿ ಎಲ್ಲಿಗೆ ನುಗ್ಗುತ್ತೋ ದೇವರಿಗೇ ಗೊತ್ತು. ನಿನ್ನೆ ಡಾಕ್ಟರ ಹತ್ರ ಹೋಗಿ ಬಂದ್ವಲ್ಲ, ಇದರ ಮೇಲೇ ಕೂತು ಹೋಗಿದ್ದು."

ಅತ್ತೆ ಅದನ್ನು ಎತ್ತಿಕೊಂಡು ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು. ಆಮೇಲೆ ಚಿಕ್ಕಮಗನ ಕಡೆ ತಿರುಗಿದರು. "ನಿನಗಿದು ಗೊತ್ತಿತ್ತೇನೋ?"

"ನಿಧಾನ ಹೋದ್ರೆ ಏನೂ ಆಗಲ್ಲಮ್ಮ."

"ಗೊತ್ತಿತ್ತಾ ಅಂತ ಕೇಳಿದೆ."

ಅವನು ಎದ್ದು ಕೈ ತೊಳೆಯಲು ಹೋದ.

ಕ್ಲಚ್ ಮೇಡಂ ಅವನ ಕಾರಿನ ಕೀ ಕೇಳಲಿಲ್ಲ, ಗೂಟದಿಂದ ತಾನೇ ತೆಗೆದುಕೊಂಡಳು. ಮನೆಯ ಮುಂದೆಯೇ ಮೈದುನನ ಕಾರನ್ನು ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ಕಳಚಿದಳು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು. ಬರಲಿ ಎಂದು ಸ್ಪ್ಯಾನರು ತಿರುಗಿಸುತ್ತಲೇ ಇದ್ದಳು. ಒಂದು ಬೋಲ್ಟು ಹಟ ಹಿಡಿದಾಗ ಗಂಡ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಹಿಡ್ಕೋಬೇಕಾ?"

"ಊಟದ ಹೊತ್ತಲ್ಲಿ ಬಾಯಿ ಬಿಡಬೇಕಿತ್ತು. ಈಗ ಇದನ್ನ ಹಿಡಿ."

ಅವನು ಹಿಡಿದ.

"ಅವನು ನಾಳೆ ಕೆಲಸಕ್ಕೆ ಹೇಗೆ ಹೋಗ್ತಾನೆ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ತಾಯಿಯ ಕರುಳು, ಅಷ್ಟು ಬೇಗ ಎಲ್ಲಿ ಬದಲಾದೀತು!

"ಬಸ್ಸಿದೆ ಅತ್ತೆ."

ತನ್ನ ಭಾಗಗಳನ್ನು ತನ್ನ ಕಾರಿಗೆ ತಾನೇ ಜೋಡಿಸಿ, ಬೇರೊಂದು ಅಂಗಡಿಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದಳು. ಟ್ರ್ಯಾಕಿನ ಉದ್ದ ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಿತು. ಕೋಪ ಮಾತ್ರ ಇಳಿಯಲಿಲ್ಲ. ಕದ್ದದ್ದಕ್ಕಿಂತ, "ಇವಳಿಗೆ ಯಾಕೆ" ಎಂದುಕೊಂಡು ಕದ್ದನಲ್ಲ, ಅದು ಅವಳನ್ನು ಕುಟುಕುತ್ತಲೇ ಇತ್ತು. ಹೆದ್ದಾರಿಯಲ್ಲಿ ಅವಳ ಚಕ್ರ ಕಳಚಿದ್ದರೆ ಇವನು ಅಳುತ್ತ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದನೇನೋ.

ಮೈದುನನ ರೇಸು ಅವನಿಲ್ಲದೆಯೇ ನಡೆದುಹೋಯಿತು. ಆಮೇಲೆ ಒಂದು ಸಂಜೆ ಗಂಡ ಬಂದು, "ತಪ್ಪಾಯ್ತು ಅಂತಿದಾನೆ ಅವನು" ಎಂದ.

"ಅವನಿಗೂ ಬಾಯಿದೆ. ಅವನೇ ಹೇಳಲಿ."

ಮೈದುನ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. "ತಪ್ಪಾಯ್ತು ಅತ್ತಿಗೆ. ಆದ್ರೆ ನೀವೂ ಬೀದೀಲೇ ಹಾಗೆಲ್ಲ..."

"'ಆದ್ರೆ' ಬಿಟ್ಟು ಹೇಳು."

ಅವನು ನೆಲ ನೋಡಿದ, ಗೋಡೆ ನೋಡಿದ. ಅವಳು ಕಾಯುತ್ತ ಪಾತ್ರೆ ಒರೆಸಿದಳು. ಕೊನೆಗೆ ಅವನು "ತಪ್ಪಾಯ್ತು" ಎಂದ, ಈ ಸಲ 'ಆದ್ರೆ' ಸೇರಿಸಲಿಲ್ಲ.

ಅವಳು "ಹೂಂ" ಅಂದಳು. ಹೊರಗೆ ಅವನ ಕಾರು, ಹಾಕಲು ಭಾಗಗಳಿಲ್ಲದೆ, ಇನ್ನೂ ಸ್ಟ್ಯಾಂಡಿನ ಮೇಲೇ ಇತ್ತು.