ಏಳು ಹರಿಗೋಲಿಗೆ ನೀರು ಹೊಯ್ಯುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿನ ತುದಿ ಸದಾ ಕೆಂಪಗಿರುತ್ತಿತ್ತು. ಮದರಂಗಿ ಇರಬೇಕು ಅಂತ ನಾನು ಮೊದಲ ದಿನ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅರಗು. ಬಿಸಿ ಅರಗು ಬಿದ್ದು ಬಿದ್ದು ಅಲ್ಲಿಯ ಚರ್ಮ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪವಾಗಿತ್ತು, ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. "ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಯಾವ ಕೋರ್ಟಲ್ಲೂ ನಡೆಯಲ್ಲ ಮೇಷ್ಟ್ರಮ್ಮ" ಎಂದು ನಗುತ್ತಿದ್ದರು. ಅವರು ನಮ್ಮ ಕೆರೆಯ ಕಡವಿನಲ್ಲಿ ಹರಿಗೋಲುಗಳ ಮೇಲ್ವಿಚಾರಣೆಗೆ ಇದ್ದ ಮುನ್ಷಿ. ಊರಿಗೆಲ್ಲ ಮುನ್ಷಿ ಸಾಬರು, ನನಗೆ ಸಾಹೇಬರು.

ಜಡಿಗೇನಹಳ್ಳಿ ಹೋಬಳಿಯ ಕೆರೆ ಅದು. ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಮೂವತ್ತು ಮನೆ. ಎಲ್ಲರೂ ಅದನ್ನು ನಡುಗಡ್ಡೆ ಅಂತಲೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ನಡೆದೇ ಹೋಗಬಹುದು, ಕೆರೆ ತುಂಬಿದರೆ ಹರಿಗೋಲೇ ಗತಿ. ಆಗ ಯುದ್ಧದ ಕಾಲ, ರಾಗಿಗೆ ಕಂಟ್ರೋಲು. ಕೆರೆ ದಾಟಿಸಿ ಮದರಾಸು ಸೀಮೆಗೆ ರಾಗಿ ಸಾಗಿಸ್ತಾರೆ ಅಂತ ಯಾರೋ ಪುಣ್ಯಾತ್ಮರು ಚಾಡಿ ಹೇಳಿದರು, ಸರ್ಕಾರದಿಂದ ಆರ್ಡರು ಬಂತು. ಓಡಾಡುವುದಕ್ಕೆ ಒಂದೇ ಹರಿಗೋಲು. ಒಂದು ಸಲಕ್ಕೆ ಆರೇ ಜನ. ಕಾಳು, ಹಿಟ್ಟು ಅನ್ನುವುದು ಒಂದು ಸೇರೂ ನೀರಿನ ಮೇಲೆ ಹೋಗಕೂಡದು. ಉಳಿದ ಏಳು ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ, ಹಗ್ಗ ಬಿಗಿದು, ಗಂಟಿಗೆ ಅರಗಿನ ಮುದ್ರೆ ಒತ್ತಿದರು. ಬಿಸಿಲಿಗೆ ಅರಗು ಮೆತ್ತಗಾಗುತ್ತದಲ್ಲ, ವಾರಕ್ಕೊಮ್ಮೆ ಹೊಸದಾಗಿ ಒತ್ತಬೇಕು. ಆ ಕೆಲಸಕ್ಕೆ ಹೊಸಕೋಟೆಯಿಂದ ಇವರನ್ನು ಹಾಕಿದ್ದರು.

ನಾನು ಊರಿನ ಹೆಣ್ಣುಮಕ್ಕಳ ಸ್ಕೂಲಿನ ಮೇಷ್ಟ್ರಮ್ಮ. ಹದಿನಾಲ್ಕಕ್ಕೆ ಗಂಡನನ್ನು ಕಳಕೊಂಡು, ಹೇಗೋ ಓದಿ, ಸರ್ಕಾರಿ ಕೆಲಸ ಹಿಡಿದವಳು. ನನ್ನವರು ಅಂತ ಇದ್ದವಳು ಅಕ್ಕ ಒಬ್ಬಳೇ, ಅವಳನ್ನು ನಡುಗಡ್ಡೆಗೆ ಕೊಟ್ಟಿದ್ದರು. ಅವಳಿಗೋಸ್ಕರವೇ ನಾನು ಆ ಊರಿಗೆ ವರ್ಗ ಮಾಡಿಸಿಕೊಂಡಿದ್ದು. ಭಾನುವಾರ ಬಂತೆಂದರೆ ಬೆಳಗ್ಗೆಯೇ ಕಡವಿಗೆ ಹೋಗಿ ಸಾಹೇಬರ ಗುಡಿಸಲ ಜಗುಲಿಯ ಮೇಲೆ ಹರಿಗೋಲಿಗೆ ಕಾಯುತ್ತಾ ಕೂರುತ್ತಿದ್ದೆ. ಅವರು ಬೆಲ್ಲದ ಕರಿ ಟೀ ಕಾಸಿ ಒಂದು ಲೋಟ ನನ್ನ ಪಕ್ಕ ಇಟ್ಟು, ತಾವು ಅಷ್ಟು ದೂರದಲ್ಲಿ ಕೆರೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಹೆಂಡತಿ ಪ್ಲೇಗಿನಲ್ಲಿ ಹೋಗಿದ್ದರಂತೆ, ಮಕ್ಕಳಿಲ್ಲ. ಇದು ಅವರು ಹೇಳಿದ್ದಲ್ಲ, ಊರವರು ಹೇಳಿದ್ದು. ನಾವಿಬ್ಬರೂ ಎಷ್ಟೋ ಭಾನುವಾರ ಒಂದು ಮಾತೂ ಆಡದೆ ಟೀ ಕುಡಿದು ಎದ್ದಿದ್ದೇವೆ. ಒಂಟಿಯಾಗಿ ಇದ್ದು ರೂಢಿಯಾದವರಿಗೆ ಅಷ್ಟು ಜೊತೆಯೇ ಸಾಕಾಗುತ್ತಿತ್ತು.

ಕಾಗದ ಅಂದರೆ ಅವರಿಗೆ ದೇವರು. ಯಾರು ಏನು ಕೇಳಿದರೂ ಒಂದೇ ಉತ್ತರ, "ಕಾಗದ ಬರ್ಲಿ." ಮಗಳ ಮನೆಗೆ ಎರಡು ಸೇರು ಅವರೆಕಾಳು ಒಯ್ಯುತ್ತಿದ್ದ ಮುದುಕಿಯನ್ನೂ ಹಿಂದಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. "ಸಾಬ್ರೇ, ಯಮ ಬಂದ್ರೂ ಕಾಗದ ಕೇಳ್ತೀರೇನು?" ಅಂತ ಅಂಬಿಗ ಒಮ್ಮೆ ಕೆಣಕಿದ. "ಕೇಳ್ತೀನಪ್ಪಾ. ಅವನದೂ ಸರ್ಕಾರಾನೇ ಅಲ್ವಾ" ಅಂದರು.

ಇನ್ನೊಂದು ಅಭ್ಯಾಸವಿತ್ತು. ಊರೆಲ್ಲ ನಗುತ್ತಿದ್ದುದು ಅದಕ್ಕೇ. ದಿನಾ ಬೆಳಗ್ಗೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ತಂದು, ಬೋರಲು ಬಿದ್ದಿದ್ದ ಆ ಏಳು ಹರಿಗೋಲಿನ ಬೆನ್ನ ಮೇಲೆ ಒಂದೊಂದಾಗಿ ಹೊಯ್ಯುತ್ತಿದ್ದರು. ತಿಂಗಳಿಗೊಮ್ಮೆ ಹರಳೆಣ್ಣೆ ಸವರುತ್ತಿದ್ದರು. ಹರಿಗೋಲಿನ ತಳಕ್ಕೆ ಕಟ್ಟುವುದು ಎಮ್ಮೆಯ ಚರ್ಮ, ಒಣಗಿದರೆ ಬಿರಿಯುತ್ತದೆ. "ಕಟ್ಟಿ ಹಾಕಿರೋದಕ್ಕೆ ಯಾಕೆ ಸಾಹೇಬ್ರೇ ಈ ಉಪಚಾರ? ಆರ್ಡರಿನಲ್ಲಿ ಬರೆದಿದೆಯಾ?" ಎಂದು ಕೇಳಿದೆ. "ಬರೆದಿಲ್ಲಮ್ಮ. ಬೇಡ ಅಂತಲೂ ಬರೆದಿಲ್ಲ" ಅಂದು ಬಿಂದಿಗೆ ಎತ್ತಿಕೊಂಡು ಹೋದರು.

ಆ ವರ್ಷ ಹಿಂಗಾರು ಬಿಡದೆ ಹಿಡಿಯಿತು. ಒಂದು ಸೋಮವಾರ ಬೆಳಗ್ಗೆ ಮೇಲಿನ ಕೆರೆ ಒಡೆದು ನೀರೆಲ್ಲ ನಮ್ಮ ಕೆರೆಗೆ ನುಗ್ಗಿತು. ಓಡಾಡುತ್ತಿದ್ದ ಒಂದೇ ಹರಿಗೋಲು ಗೂಟ ಕಿತ್ತುಕೊಂಡು ಕೋಡಿಯ ಮೇಲೆ ಹಾರಿಹೋಯಿತು. ಮಧ್ಯಾಹ್ನ ನಡುಗಡ್ಡೆಯ ಹುಡುಗನೊಬ್ಬ ಒಣಗಿದ ಸೋರೆಬುರುಡೆಗಳನ್ನು ಕಂಕುಳಿಗೆ ಕಟ್ಟಿಕೊಂಡು ಈಜಿ ಬಂದು ದಡದಲ್ಲಿ ಬಿದ್ದ. ಅರ್ಧ ಮನೆಗಳು ಕುಸಿದಿವೆ, ನೆಲದೊಳಗೆ ರಾಗಿ ತುಂಬಿಟ್ಟಿದ್ದ ಹಗೇವುಗಳಿಗೆಲ್ಲ ನೀರು ಇಳಿದಿದೆ, ತಿನ್ನುವುದಕ್ಕೆ ಒಂದು ಹಿಡಿ ಇಲ್ಲ ಅಂದ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಕ್ಕನಿಗೆ ಜ್ವರ ಮೇಷ್ಟ್ರಮ್ಮ, ಎದ್ದೇಳ್ತಿಲ್ಲ" ಅಂದ. ಅಕ್ಕ ಒಂಬತ್ತು ದಿನದ ಬಾಣಂತಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮೊದಲ ಮಗು.

ಊರಿನವರು ಅಂದೇ ರಾಗಿಹಿಟ್ಟಿನ ಮೂಟೆ ತಂದು ದಡದಲ್ಲಿ ಪೇರಿಸಿದರು. ಏಳು ಹರಿಗೋಲು ಕಣ್ಣೆದುರಿಗೇ ಬಿದ್ದಿವೆ. ಸಾಹೇಬರು ಮುದ್ರೆ ಮುಟ್ಟಲಿಲ್ಲ. ಮುದ್ರೆ ಬಿಚ್ಚುವುದಕ್ಕೆ, ಕಾಳು ಸಾಗಿಸುವುದಕ್ಕೆ ಅಪ್ಪಣೆ ಕೇಳಿ ಕಾಗದ ಬರೆದು, ಸೈಕಲ್ ಮೇಲೆ ಹೊಸಕೋಟೆಗೆ ಆಳು ಕಳಿಸಿದರು. ಮಾರನೆಯ ದಿನ ಉತ್ತರ ಬಂತು. ಪ್ರತಿ ಹರಿಗೋಲಿಗೆ ಬೇರೆ ಬೇರೆ ಅರ್ಜಿ ಬೇಕಂತೆ, ಮಾಲೀಕರ ರುಜು ಬೇಕಂತೆ. ಮಾಲೀಕರಲ್ಲಿ ಮೂವರು ಆ ನಡುಗಡ್ಡೆಯಲ್ಲೇ ಸಿಕ್ಕಿಕೊಂಡಿದ್ದರು. ಹೊಸಕೋಟೆ ಕಚೇರಿಯಲ್ಲಿ ಕೂತಿದ್ದ ಮಹರಾಯರಿಗೆ ಅದು ಹೇಗೆ ಹೊಳೆಯಬೇಕು?

ಸಾಹೇಬರು ಏಳು ಅರ್ಜಿಯನ್ನೂ ಬರೆಯಲು ಕೂತರು. ನನಗೆ ತಡೆಯಲಾಗಲಿಲ್ಲ. ದಿಬ್ಬದ ಮೇಲೆ ಬೆಳಗಿನಿಂದ ಒಂದು ಒಲೆಯ ಹೊಗೆಯೂ ಎದ್ದಿರಲಿಲ್ಲ. ಕೈ ಮುಗಿದೆ, ಅತ್ತುಬಿಟ್ಟೆ. ತಲೆ ಎತ್ತದೆ, "ಕಾಗದ ಬರ್ಲಿ ಅಮ್ಮ" ಅಂದರು. ಆಗ ನನ್ನ ಬಾಯಲ್ಲಿ ಬರಬಾರದ ಮಾತು ಬಂತು. "ನಿಮಗೆ ಹಿಂದೆ ಇಲ್ಲ ಮುಂದೆ ಇಲ್ಲ. ಯಾರು ಸತ್ತರೆ ನಿಮಗೇನು?" ಅಂದುಬಿಟ್ಟೆ. ಅವರ ಲೇಖನಿ ಅಲ್ಲಿಗೇ ನಿಂತಿತು. ಬರೆದು ಮುಗಿದಿದ್ದ ಎರಡು ಅರ್ಜಿಯನ್ನು ಸೈಕಲ್ಲಿನ ಆಳಿಗೆ ಕೊಟ್ಟು, ಎದ್ದು ಹೊರಗೆ ಬಂದರು.

ಹಾಗೆ ಬಂದವರೇ ಅಂಬಿಗನನ್ನು ಕರೆದು, "ಆಲೆಮನೇಲಿ ಬೆಲ್ಲ ಕಾಯಿಸೋ ಕೊಪ್ಪರಿಗೆ ಎಷ್ಟಿವೆಯಪ್ಪಾ?" ಎಂದು ಕೇಳಿದರು. "ಮೂರವೆ." "ತಗೊಂಡ್ಬನ್ನಿ. ಆರ್ಡರಿನಲ್ಲಿರೋದು ಹರಿಗೋಲು. ಕೊಪ್ಪರಿಗೆ ಅಂತ ಎಲ್ಲೂ ಇಲ್ಲ." ಆಮೇಲೆ ಹೆಂಗಸರ ಕಡೆ ತಿರುಗಿದರು. "ಕಾಳು ಹೋಗಬಾರ್ದು, ಹಿಟ್ಟು ಹೋಗಬಾರ್ದು. ಬೆಂದ ಮುದ್ದೆ ಹೋಗಬಾರ್ದು ಅಂತ ಇಲ್ಲ. ಒಲೆ ಹಚ್ಚಿ ತಾಯೀ." ಸುಮ್ಮನೆ ಹೇಳಬಾರದು, ಅಂಥ ಹೊತ್ತಿನಲ್ಲೂ ಜನ ನಕ್ಕರು. ಅರ್ಧ ಗಂಟೆಯಲ್ಲಿ ಊರಿನ ಎಲ್ಲ ಜಾತಿಯ ಒಲೆಯೂ ಉರಿಯಿತು. ಮುದ್ದೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಕೊಪ್ಪರಿಗೆಗೆ ತುಂಬಿದೆವು. ಕೊಪ್ಪರಿಗೆ ನೀರಿನ ಮೇಲೆ ಗಿರಗಿರ ಸುತ್ತುತ್ತಾ, ಒಂದು ಮಾರು ಮುಂದೆ ಎರಡು ಮಾರು ಪಕ್ಕಕ್ಕೆ ಸಾಗಿ, ಅಂತೂ ದಿಬ್ಬ ಮುಟ್ಟಿತು. ಸಂಜೆಯೊಳಗೆ ಎರಡು ಸಲ ಹೋಗಿ ಬಂತು. ಅಂಬಿಗ ಸುದ್ದಿ ತಂದ. ಜನಕ್ಕೆ ಹೊಟ್ಟೆಗಾಯಿತು, ಮಗು ಚೆನ್ನಾಗಿದೆ, ಅಕ್ಕ ಮಾತ್ರ ಕೂರಲಾರಳು. ಮಲಗಿದವಳನ್ನು ಕೊಪ್ಪರಿಗೆಯಲ್ಲಿ ತರುವುದು ಆಗದ ಮಾತು.

ಬುಧವಾರ ಬೆಳಗ್ಗೆ ಹೊತ್ತು ಹುಟ್ಟುವಾಗ ಸಾಹೇಬರು ನನ್ನ ಬಾಗಿಲಿಗೆ ಬಂದರು. ಅದುವರೆಗೆ ಒಂದು ದಿನವೂ ಬಂದವರಲ್ಲ. "ಬನ್ನಿ ಅಮ್ಮ. ಮುದ್ರೆ ಒಡೆಯೋವಾಗ ಒಬ್ಬರು ಸಾಕ್ಷಿ ಇರಬೇಕು, ಕಾಯ್ದೆ" ಅಂದರು. ನಾನು ಹಿಂದೆಯೇ ಓಡಿದೆ. ಅವರು ಚಾಕು ತೆಗೆದು ಏಳು ಹಗ್ಗವನ್ನೂ ಒಂದೊಂದಾಗಿ ಕೊಯ್ದರು. ಅರಗಿನ ಚೂರುಗಳನ್ನು ಆಯ್ದು ಕರ್ಚೀಫಿನಲ್ಲಿ ಕಟ್ಟಿದರು. ರಿಜಿಸ್ಟರು ತೆಗೆದು, "ನಾನೇ ಬಿಚ್ಚಿದೆ" ಎಂದು ಏಳು ಸಲ ಬರೆದು, ಏಳು ಸಲ ರುಜು ಹಾಕಿದರು. ಪಕ್ಕದಲ್ಲಿ ಸಾಕ್ಷಿಯ ರುಜುವಿಗೆ ಅಂತ ಕಾಲಂ ಇತ್ತು. ನಾನು ಲೇಖನಿಗೆ ಕೈ ಚಾಚಿದೆ. ಅವರು ನನ್ನ ಮುಖ ನೋಡಿ ಪುಸ್ತಕ ಮುಚ್ಚಿದರು. "ಬೇಡ ಅಮ್ಮ. ನಿಮ್ಮದು ಸರ್ಕಾರಿ ಕೆಲಸ. ಅದು ಬಿಟ್ರೆ ನಿಮಗೂ ಇನ್ನೇನಿದೆ."

ಏಳು ಹರಿಗೋಲೂ ನೀರಿಗಿಳಿದವು. ಒಂದೂ ಸೋರಲಿಲ್ಲ. ಒಂದೂವರೆ ವರ್ಷ ಬಿಸಿಲಲ್ಲಿ ಬಿದ್ದಿದ್ದ ಚರ್ಮ ಅದು. ಮಧ್ಯಾಹ್ನದೊಳಗೆ ಮುದುಕರು, ಮಕ್ಕಳು, ಕರುಗಳು ಕೂಡ ಈಚೆ ದಡಕ್ಕೆ ಬಂದವು. ನಾಲ್ಕನೇ ಹರಿಗೋಲಿನಲ್ಲಿ ಅಕ್ಕ ಬಂದಳು, ಸಾಹೇಬರ ಕಂಬಳಿ ಹೊದ್ದು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಗಾಡಿ ಕಟ್ಟಿಸಿ ಹೊಸಕೋಟೆಗೆ ಕರಕೊಂಡು ಹೋದೆ. ಶುಕ್ರವಾರ ಹೋಗಿಬಿಟ್ಟಳು. ಎರಡು ದಿನ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು.

ಮಗುವನ್ನು ಎತ್ತಿಕೊಂಡು ವಾಪಸು ಬಂದಾಗ ಸಾಹೇಬರು ಕಡವಿನಲ್ಲಿ ನಿಂತಿದ್ದರು. ಯಾರು ಹೇಳಿದ್ದರೋ, ಅವರಿಗೆ ಗೊತ್ತಿತ್ತು. "ಆ ಎರಡು ದಿನ ನನ್ನದು ಅಮ್ಮ" ಅಂದರು. ನಾನು ಅಲ್ಲ ಅನ್ನಲಿಲ್ಲ. ಮರುದಿನ ಅಪ್ಪಣೆಯ ಕಾಗದ ಬಂತು, ಎರಡು ಹರಿಗೋಲು ಬಿಚ್ಚಬಹುದು ಅಂತ.

ಎರಡು ವಾರಕ್ಕೆ ವಿಚಾರಣೆ. ಒಬ್ಬ ಅಧಿಕಾರಿ ಬಂದು ಗುಡಿಸಲ ಮುಂದೆ ಮೇಜು ಹಾಕಿಸಿಕೊಂಡು ಕೂತರು. ಊರೆಲ್ಲ ಸುತ್ತ ನಿಂತಿತ್ತು, ನಾನೂ ಮಗು ಹೊತ್ತು ನಿಂತಿದ್ದೆ. "ಪ್ರಾಣಾಪಾಯ ಇತ್ತು ಅಂತೀಯ. ಮುದ್ರೆ ಒಡೆದಾಗ ಕಂಡವರು ಯಾರು? ಸಾಕ್ಷಿಯ ಕಾಲಂ ಯಾಕೆ ಖಾಲಿ?" ಎಂದು ಕೇಳಿದರು. "ಯಾರೂ ಇರ್ಲಿಲ್ಲ ಹುಜೂರ್" ಅಂದರು ಸಾಹೇಬರು. ಅಧಿಕಾರಿ ತಲೆ ಎತ್ತಿ ಸುತ್ತ ನೋಡಿ, "ಯಾರಾದ್ರೂ ಇದ್ರಾ?" ಎಂದು ಇನ್ನೊಮ್ಮೆ ಕೇಳಿದರು. ಕೇಳಿ ಕಾದರು. ನಾನು ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಇತ್ತು, ನಿಜ. ಅದೊಂದೇ ಆಗಿದ್ದರೆ ಇವತ್ತು ಇಷ್ಟು ಚುಚ್ಚುತ್ತಿರಲಿಲ್ಲ. ಆ ಎರಡು ದಿನದ ಸಿಟ್ಟು ಇನ್ನೂ ಆರಿರಲಿಲ್ಲ. ಅನುಭವಿಸಲಿ ಅಂತ ಒಳಗೆ ಒಂದು ದನಿ ಅಂದಿತು, ನಾನು ಅದರ ಮಾತು ಕೇಳಿದೆ. ಸಾಹೇಬರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತೇ ಅವರ ಕೆಲಸ ಹೋಯಿತು. ಒಂದು ಟ್ರಂಕು ಹೊತ್ತುಕೊಂಡು ಏರಿಯ ಮೇಲೆ ನಡೆದು ಹೋದರು.

ಭಾವ ಮತ್ತೆ ಮದುವೆಯಾದರು, ಮಗು ನನ್ನ ಹತ್ತಿರವೇ ಉಳಿಯಿತು. ಎರಡು ವರ್ಷ ಬಿಟ್ಟು ಹೊಸಕೋಟೆಗೆ ಹೋದಾಗ ಸಾಹೇಬರು ಹುಣಿಸೆಮರದ ಕೆಳಗೆ ಕೂತು ಹಳ್ಳಿಯವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಹೆಬ್ಬೆರಳು ಬೆಳ್ಳಗಾಗಿತ್ತು. ನಾನು ತಪ್ಪಾಯಿತು ಎಂದು ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. "ಮಗು ನಡೆಯುತ್ತಾ? ಎಲ್ಲಿ, ಇಳಿಸಿ ನೋಡೋಣ" ಅಂದರು. ಅವಳು ತಟತಟನೆ ನಡೆದು ಹೋಗಿ ಅವರ ಮಸಿ ಕುಡಿಕೆಗೆ ಕೈ ಹಾಕಿದಳು. ಅವರು ಬಹಳ ಹೊತ್ತು ನಕ್ಕರು. ಹೊರಡುವಾಗ, "ಏಳಕ್ಕೆ ಏಳೂ ತೇಲಿದ್ವಲ್ಲ ಅಮ್ಮ" ಅಂದರು. ಅಷ್ಟೇ.

ಮುಂದಿನ ವರ್ಷ ಹೋದಾಗ ಮರದ ಕೆಳಗೆ ಬೇರೆ ಯಾರೋ ಕೂತಿದ್ದರು. ಮುನ್ಷಿ ಸಾಬರು ಹೋಗಿ ಎಂಟು ದಿನವಾಯಿತು ಅಂದರು. ಹಿಂದೆ ಮುಂದೆ ಯಾರೂ ಇಲ್ಲದವರು, ಯಾರಿಗೆ ಅಂತ ಹೇಳಿ ಕಳಿಸುತ್ತಾರೆ. ಖಬರಸ್ತಾನದ ಗೋಡೆಯ ಹೊರಗೆ ಮಗುವಿನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಹೊಸ ಮಣ್ಣು ಯಾವುದು ಅಂತ ಹೊರಗಿನಿಂದ ಕಾಣಿಸಲಿಲ್ಲ.

ಈಗ ನನಗೆ ಪೆನ್ಷನ್ ಬರುತ್ತದೆ. ಇನ್ನು ಯಾರೂ ನನ್ನ ಕೆಲಸ ಕಿತ್ತುಕೊಳ್ಳಲಾರರು. ಆ ರಿಜಿಸ್ಟರು ಎಲ್ಲಿ ಗೆದ್ದಲು ಹಿಡಿದಿದೆಯೋ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಬುಧವಾರ ಬೆಳಗ್ಗೆ ಮುದ್ರೆ ಒಡೆದಾಗ ನಾನು ಇದ್ದೆ. ನಾನೇ ಕೈ ಮುಗಿದು ಕೇಳಿಕೊಂಡಿದ್ದೆ. ನನ್ನ ಕಣ್ಣೆದುರಿಗೇ ಬಿಚ್ಚಿದರು, ಏಳನ್ನೂ.