ದೋಣಿ ಟ್ರೈಲರಿನ ತುಕ್ಕು

ನಮ್ಮ ಮನೆಯಂಗಳದಲ್ಲಿ ನಾನು ರಂಗೋಲಿ ಇಡುವ ಜಾಗದ ಪಕ್ಕದಲ್ಲೇ ದೋಣಿ ಸಾಗಿಸುವ ಟ್ರೈಲರ್ ನಿಲ್ಲುತ್ತಿತ್ತು. ಹನೂರಿನ ಕಡೆ ಒಂದು ಕೆರೆಯಲ್ಲಿ ನನ್ನ ಗಂಡ ಮೀನಿನ ಗುತ್ತಿಗೆ ಹಿಡಿದಿದ್ದಾರೆ. ತೆಪ್ಪದಲ್ಲಿ ಕೂತು ಬಲೆ ಎಳೆದು ಸಾಕಾಗಿ, ಕರಾವಳಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಟ್ರೈಲರ್ ಸಮೇತ ತಂದರು. ಜೀಪಿನ ಹಿಂದೆ ಕಟ್ಟಿ ಒಯ್ದು, ಕೆರೆಯೊಳಕ್ಕೆ ರಿವರ್ಸ್ ಇಳಿಸಿದರೆ ದೋಣಿ ತಾನೇ ತೇಲಿಕೊಳ್ಳುತ್ತಿತ್ತು. ಚಕ್ರದ ಜೊತೆ ಸ್ಪ್ರಿಂಗೂ ಮುಳುಗುತ್ತಿತ್ತು. ಸ್ಪ್ರಿಂಗೆಂದರೆ ಸುರುಳಿಯಲ್ಲ, ಒಂದರ ಮೇಲೊಂದು ಪೇರಿಸಿ ಬಿಗಿದ, ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳು.

ಆಯುಧಪೂಜೆ ಬಂತೆಂದರೆ ಟ್ರೈಲರಿಗೂ ಸಿಂಗಾರ. ಹಿಂದಿನ ದಿನ ಪೈಪು ಹಿಡಿದು ತೊಳೆದು, ಪಟ್ಟಿಗಳ ಸಂದಿ ಆರುವ ಮೊದಲೇ ಗಂಡ ಕಪ್ಪು ಪೇಂಟ್ ಬಳಿಯುತ್ತಿದ್ದರು. ಪೂಜೆಯ ಹೊತ್ತಿಗೆ ಕಬ್ಬಿಣ ಮಿರಮಿರ ಅನ್ನಬೇಕು. ಪ್ರತಿ ವರ್ಷ ಪೇಂಟಿನ ಮೇಲೆ ಪೇಂಟು ಕೂತು, ಪಟ್ಟಿ ಪಟ್ಟಿಯ ನಡುವಿನ ಗೆರೆಯೇ ಕಾಣದಾಯಿತು. ಅದರ ಮೇಲೆ ವಿಭೂತಿ, ಕುಂಕುಮ.

ಆದರೂ ಕೆರೆಯಿಂದ ಬಂದ ಮಾರನೆಯ ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಡಿಕಾಕ್ಷನ್ ಬಣ್ಣದ ಹನಿಗಳು ಬಿದ್ದಿರುತ್ತಿದ್ದವು.

“ನಿನ್ ಗಾಡಿ ಒಳ್ಳೆ ಎಲೆ ಅಡ್ಕೆ ಉಗ್ದಂಗೆ ಉಗೀತದಲ್ಲಾ, ರಂಗೋಲಿ ಎಲ್ಲಾ ಕೆಡ್ತು,” ಎಂದು ಅತ್ತೆ ತಮ್ಮ ಮಗನನ್ನು ಛೇಡಿಸುತ್ತಿದ್ದರು.

ಯಳಂದೂರಿನ ನನ್ನ ತವರಿನಲ್ಲಿ ದೋಸೆ ಕಾವಲಿ ತೊಳೆದು ಎಣ್ಣೆ ಸವರದೆ ಇಟ್ಟರೆ ಬೆಳಗಾಗುವುದರಲ್ಲಿ ಅದೇ ಬಣ್ಣ. “ಒಳಗೆ ತುಕ್ಕು ಹಿಡಿದಿರಬೇಕು. ಒಂದ್ಸಲ ಬಿಚ್ಚಿಸಿ ನೋಡಿ,” ಎಂದೆ ಗಂಡನಿಗೆ.

“ಓದ್ ಅಬ್ಬಕ್ಕೆ ಪೇಂಟ್ ಒಡ್ದಿವ್ನಿ ಕಣಮ್ಮಿ. ಪೂಜೆ ಆಗಿರ ಗಾಡಿನ ನಡುವಲ್ಲಿ ಯಾಕ್ ಬಿಚ್ಚದು?”

“ನೀನೋದಿದ್ ಕಾನ್ವೆಂಟಲ್ಲಿ ಇದ್ನೂ ಏಳ್ಕೊಟ್ಟವ್ರೇನೊ!” ಎಂದು ನಗುತ್ತಾ ಅತ್ತೆ ಟ್ರೈಲರಿನ ಕೆಳಗೆ ಗೋಣಿಚೀಲ ಹಾಸಿದರು. ಹನಿಗಳು ಚೀಲಕ್ಕೆ ಬಿದ್ದವು. ಮಾತು ಅಲ್ಲಿಗೆ ನಿಂತಿತು.

ನನ್ನ ಗಂಡನ ಅಕ್ಕನನ್ನು ಸತ್ತೇಗಾಲದ ಹತ್ತಿರ ಹೊಳೆದಂಡೆಯ ಊರಿಗೆ ಕೊಟ್ಟಿತ್ತು. ಅತ್ತಿಗೆಯ ಗಂಡ ತೀರಿಕೊಂಡ ಮೇಲೆ ಅವರಿಗೆ ಎರಡು ಹಸುಗಳೇ ಸಂಸಾರ. ಕರು ಹಾಕಿದಾಗಲೆಲ್ಲ ಗಿಣ್ಣುಹಾಲನ್ನು ಸ್ಟೀಲ್ ಕ್ಯಾರಿಯರಿನಲ್ಲಿ ತುಂಬಿ, ಬಾಯಿಗೆ ಬಾಳೆಲೆ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದರು.

ಆ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರು. ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. ಗಂಡ ಸ್ಪೀಕರ್ ಹಾಕಿದರು.

“ನೀರು ಬಾವಿಕಟ್ಟೆ ಮುಟ್ತು ಕಣ್ಲಾ ತಮ್ಮ. ಎಲ್ರೂ ಸ್ಕೂಲ್ ತಾವ್ಕೆ ಓಯ್ತಾವ್ರೆ. ಅಸಗಳ್ನ ಬಿಚ್ಬುಡ್ಲಾ? ಎತ್ಲಾಗಾರ ಈಜ್ಕಂಡು ಬದುಕ್ಕತವೆ.”

“ಬುಡ್ಬ್ಯಾಡ ಕಣಕ್ಕ, ಸೆಳವು ಎಳ್ಕಂಡೋಯ್ತದೆ. ಕಟ್ಟಿರ್ಲಿ. ದೋಣಿ ತತ್ತೀನಿ, ಪಕ್ಕಕ್ ಕಟ್ಕಂಡು ಈಜಿಸ್ಕಬರವ.”

“ಬಿರ್ನೆ ಬಾ ಅಂಗಾರೆ. ನಿನ್ನೇ ನೆಚ್ಕಂಡು ಕಟ್ಟಿರ್ತೀನಿ.”

ಒಂದು ಒಣ ಸೀರೆ, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ನಾನೂ ಜೀಪು ಹತ್ತಿದೆ. ಕೊಳ್ಳೇಗಾಲ ದಾಟಿ ಸ್ವಲ್ಪ ದೂರ ಹೋಗಿರಬೇಕು, ಚಕ್ರ ಒಂದು ಗುಂಡಿಗೆ ಇಳಿದು ಹತ್ತಿತು. ಒಲೆಯಲ್ಲಿ ಹಸಿ ಸೌದೆ ಸಿಡಿದಂಥ ಸದ್ದು. ಹಿಂತಿರುಗಿ ನೋಡಿದರೆ ದೋಣಿ ಒಂದು ಮಗ್ಗುಲಿಗೆ ಕುಸಿದಿತ್ತು. ಚಕ್ರ ಅದರ ಹೊಟ್ಟೆಗೆ ಒತ್ತಿಕೊಂಡು ಅಲುಗಾಡಲೊಲ್ಲದು.

ಗಂಡ ಮಂಡಿಯೂರಿ ಕೂತರು. ನಾನೂ ಬಗ್ಗಿದೆ. ಪಟ್ಟಿಗಳು ತುಂಡಾಗಿದ್ದವು. ಮುರಿದ ಜಾಗದಲ್ಲಿ ಅಂಚಿನ ಒಂದು ಎಳೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಮಿಕ್ಕಿದ್ದೆಲ್ಲ ಹಳೆಯ ಕಂದು. ಎಂದೋ ಬಿಟ್ಟಿದ್ದ ಬಿರುಕು ಅಷ್ಟೂ ದಿನ ಆ ಒಂದೆಳೆಯ ಮೇಲೆ ನಿಂತಿತ್ತು. ಪಕ್ಕದಲ್ಲೇ, ಕಪ್ಪು ಪೇಂಟಿನ ಮೇಲೆ, ಕಳೆದ ಹಬ್ಬದಲ್ಲಿ ಆರದ ಪೇಂಟಿಗೆ ಅಂಟಿಕೊಂಡಿದ್ದ ಕುಂಕುಮ ಹಾಗೇ ಇತ್ತು.

ಫೋನ್ ಬಂತು. “ಎಲ್ಲಿದ್ದೀಯ್ಲಾ?”

“ಬಂದೆ ಕಣಕ್ಕ, ಬಂದ್ಬುಟ್ಟೆ.”

ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರೊಂದನ್ನು ಅಡ್ಡಗಟ್ಟಿ ನಿಲ್ಲಿಸಿದರು. ದಾರಿಹೋಕರೆಲ್ಲ ಕೈಕೊಟ್ಟು ದೋಣಿಯನ್ನು ಎತ್ತಿ ಅದಕ್ಕೆ ಹಾಕುವಷ್ಟರಲ್ಲಿ ಫೋನ್ ಮತ್ತೆ ಮತ್ತೆ ಬಡಿದುಕೊಂಡಿತು. ಕೊನೆಗೆ ಬರುವುದೇ ನಿಂತಿತು. ಆಗ ಗಂಡ ತಾವೇ ಮಾಡಿದರು. ಅತ್ತಿಗೆ ಎತ್ತಲಿಲ್ಲ.

ಊರಿನ ಸ್ಕೂಲಿನ ಮೆಟ್ಟಿಲ ಮೇಲೆ ಅತ್ತಿಗೆ ಕೂತಿದ್ದರು. ಅಕ್ಕಪಕ್ಕದವರು ರಟ್ಟೆ ಹಿಡಿದು ಎಳೆದು ತಂದಿದ್ದರಂತೆ. ರವಿಕೆಯ ಒಂದು ತೋಳು ಹರಿದಿತ್ತು. ಎದುರಿಗೆ ಕೆಂಪು ನೀರು. ಕೊಟ್ಟಿಗೆಯ ಹೆಂಚಿನ ಮೇಲ್ತುದಿ ಮಾತ್ರ ಕಾಣುತ್ತಿತ್ತು.

ತಮ್ಮನನ್ನು ನೋಡಿ ಅವರು ಅಂದದ್ದು ಇಷ್ಟೇ: “ಕಟ್ಟಿದ್ದೆ ಕಣ್ಲಾ.”

ಗಂಡ ದೋಣಿ ಇಳಿಸಿ ಕೊಟ್ಟಿಗೆಯವರೆಗೆ ಹೋದರು, ಅದನ್ನೊಂದು ಸುತ್ತು ಬಂದರು, ಹಿಂತಿರುಗಿದರು. ನಾನು ಹಿಡಿದಿದ್ದ ಸೀರೆಯನ್ನು ಅತ್ತಿಗೆ ಉಟ್ಟುಕೊಳ್ಳಲಿಲ್ಲ.

ನೀರು ಇಳಿದ ಮೇಲೆ ಸ್ಪ್ರಿಂಗನ್ನು ಅಂಗಳದಲ್ಲೇ ಬಿಚ್ಚಿದರು. ಪಟ್ಟಿಗಳ ನಡುವೆ ಉಳಿಯಿಟ್ಟು ಬಡಿದರೆ ತುಕ್ಕು ಚಿರೋಟಿಯ ಪದರಗಳ ಹಾಗೆ ಎದ್ದು ಬಂತು. ಕಡಲನೀರು ಕಂಡ ಕಬ್ಬಿಣ, ಅದರ ಮೇಲೆ ಕೆರೆಯ ನೀರು. ಒಳಗಿಳಿದದ್ದು ಹೊರಗೆ ಆರದ ಹಾಗೆ ನಮ್ಮ ಪೇಂಟು. ಅತ್ತೆ ಅದನ್ನೆಲ್ಲ ಗುಡಿಸಿ ಮೊರಕ್ಕೆ ತುಂಬಿದರು. ಛೇಡಿಸಲಿಲ್ಲ.

ಈಗ ಟ್ರೈಲರಿಗೆ ಹೊಸ ಸ್ಪ್ರಿಂಗ್ ಇದೆ. ಮಳೆಗಾಲ ಹಿಡಿಯುವ ಮೊದಲು ಗಂಡ ಒಂದೊಂದೇ ಪಟ್ಟಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ನಡುವೆ ಗ್ರೀಸ್ ಹಚ್ಚಿ ಕೂಡಿಸುತ್ತಾರೆ. ಹಬ್ಬಕ್ಕೂ ಪೇಂಟ್ ಬಳಿಯುವುದಿಲ್ಲ. ವಿಭೂತಿ ಗ್ರೀಸಿಗೆ ಹತ್ತುವುದಿಲ್ಲವೆಂದು ಅತ್ತೆ ಹೂವು ಸಿಕ್ಕಿಸಿ ಸುಮ್ಮನಾಗುತ್ತಾರೆ.

ಹೀಗೆ ಉಜ್ಜಿದ ಮಾರನೆಯ ದಿನ ಅತ್ತಿಗೆಯನ್ನು ನೋಡಲು ಹೋಗಿದ್ದೆವು. ಅತ್ತಿಗೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತರಿಸಿ, ಮೂಲೆಯನ್ನು ಹಲ್ಲಿನಿಂದ ಕಚ್ಚಿ ಪಾತ್ರೆಗೆ ಸುರಿದು ಕಾಫಿ ಕಾಸಿದರು.

“ಪಾಕೀಟಾಲು ಕಣವ್ವ. ನೀರ್ ನೀರಾಗ್ ಅದೆ, ಅದ್ಕೆ ಸಕ್ರೆ ವಸಿ ಜಾಸ್ತೀನೇ ಆಕಿವ್ನಿ,” ಎಂದರು ನನಗೆ.

“ಅಕ್ಕ, ಒಂದ್ ಅಸ ಕೊಡುಸ್ತೀನಿ. ಸಂತೇಲಿ ನೋಡಿವ್ನಿ,” ಎಂದರು ಗಂಡ, ನೆಲ ನೋಡುತ್ತಾ.

“ಬ್ಯಾಡ ಕಣ್ಲಾ ತಮ್ಮ,” ಎಂದು ಅತ್ತಿಗೆ ಲೋಟವನ್ನು ಅವರ ಮುಂದೆ ಸರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಕಟ್ಟಾಕಕೆ ಕೈ ಬರದಿಲ್ಲ.”

ಗಂಡ ಲೋಟ ಎತ್ತಿಕೊಂಡರು. ಉಗುರಿನ ಸಂದಿಗಳಲ್ಲಿ ಹಿಂದಿನ ದಿನದ ತುಕ್ಕು ಇನ್ನೂ ಉಳಿದಿತ್ತು. ಕಾಫಿ ಆರುವ ತನಕವೂ ಅವರು ಲೋಟವನ್ನು ಹಿಡಿದುಕೊಂಡೇ ಕೂತಿದ್ದರು.